ಇಪ್ಪತ್ತೊಂದು ಜನ, ಇಪ್ಪತ್ತೆರಡು ಹೆಸರು

ನನ್ನ ಗಂಡನ ಅಜ್ಜಿ ಪೇಕೈಗೆ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ, "ಫಿರಂಗಿ ಸಾಹೇಬ ನಮ್ಮೂರ ಹಿರಿಯರ ಜಿರ್ಗಾ ಕೂರಿಸಿ ಫೋಟೋ ಹೊಡೆಸಿದನಲ್ಲ, ಆ ವರ್ಷ ನನ್ನ ಮುಂದಿನ ಹಲ್ಲು ಬಿದ್ದಿತ್ತು. ಲೆಕ್ಕ ನೀವೇ ಹಾಕ್ಕೊಳ್ಳಿ" ಎನ್ನುತ್ತಾಳೆ. ನಾನು ಹಾಕಿದ್ದೇನೆ. ಎಂಬತ್ತೆರಡು.

ಆ ವಯಸ್ಸಿನಲ್ಲೂ ತಂದೂರಿನೊಳಗೆ ಮೊಣಕೈವರೆಗೆ ತೋಳು ಇಳಿಸಿ ರೊಟ್ಟಿ ಅಂಟಿಸುತ್ತಾಳೆ, ಕೋಳಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಬೈಯುತ್ತಾಳೆ, ಗೋಡೆಯಾಚೆ ಯಾರು ನಡೆದುಹೋದರೆಂದು ಕೆಮ್ಮಿನಿಂದಲೇ ಹೇಳುತ್ತಾಳೆ. ಇದನ್ನೆಲ್ಲ ಮಾಡುವಾಗ ನನ್ನ ಹತ್ತು ತಿಂಗಳ ಮಗಳು ಸ್ಪೊಗ್ಮೈ ಅವಳ ಬೆನ್ನ ಮೇಲಿರುತ್ತಾಳೆ. ಹೊಗೆ ಮಗುವಿನ ಎದೆಗೆ ಹೋದೀತು, ಕಿಡಿ ಹಾರೀತು, ಅಜ್ಜಿ ತಾನು ಅಗಿದು ಬಾಯಿಗಿಡುವ ರೊಟ್ಟಿಯಿಂದ ಹೊಟ್ಟೆ ಕೆಟ್ಟೀತು ಎಂದು ನಾನು ಪೆಶಾವರದ ಆಸ್ಪತ್ರೆಯಲ್ಲಿ ಕೊಟ್ಟ ಪುಸ್ತಕ ಹಿಡಿದು ಹಿಂದೆಯೇ ಸುತ್ತುತ್ತೇನೆ.

"ಹೋಗೇ, ನಿನ್ನ ಪುಸ್ತಕಕ್ಕೆ ಹಾಲು ಕುಡಿಸು ಹೋಗು" ಎನ್ನುತ್ತಾಳೆ ಅಬಯ್.

ಅಬಯ್ ಎಂದರೆ ಅಜ್ಜಿ. ನನ್ನ ಮಗಳು ಹುಟ್ಟಿ ಮೊದಲು ಆಡಿದ ಮಾತು ಅದೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹಿಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನ ತೊಡೆಯ ಮೇಲೆ ಕಿರುಚಾಡುವ ಮಗು ಅವಳ ತೊಡೆಗೆ ಹೋದ ಕೂಡಲೇ ಕಣ್ಣು ಮುಚ್ಚುತ್ತದೆ. ಒಂಬತ್ತು ತಿಂಗಳು ಹೊತ್ತವಳು ನಾನು, ಹೊಟ್ಟೆ ಉರಿಯದೆ ಇರುತ್ತದೆಯೇ? ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಫೋಟೋದ ವಿಷಯದಲ್ಲಿ ನಾನು ಮಾಡಿದ್ದಕ್ಕೆ ಬೇರೆ ಕಾರಣವಿಲ್ಲ.

ಆದರೆ ಹೊಟ್ಟೆಕಿಚ್ಚಿನ ವಿಷಯದಲ್ಲಿ ಅಬಯ್ ಮುಂದೆ ನಾನು ಎಳೆಗೂಸು. ಅವಳದು ಎಪ್ಪತ್ತೈದು ವರ್ಷ ಹಳೆಯದು. ಅದಕ್ಕೊಂದು ಹೆಸರೂ ಇದೆ: ಮರ್ಜಾನಾ.

ಚಿಕ್ಕಪ್ಪ ದೊಡ್ಡಪ್ಪನ ಮಗನಿಗೆ ನಾವು ತರ್ಬೂರ್ ಎನ್ನುತ್ತೇವೆ. ಹಗೆಯವನಿಗೂ ತರ್ಬೂರ್ ಎಂದೇ ಅನ್ನುತ್ತೇವೆ. ಎರಡು ಪದ ಮಾಡಿಕೊಳ್ಳುವ ಅಗತ್ಯ ನಮ್ಮ ಹಿರಿಯರಿಗೆ ಕಾಣಲಿಲ್ಲ. ಒಂದೇ ಅಜ್ಜನ ಗೋಡೆ, ಒಂದೇ ಅಜ್ಜನ ನೀರು, ಒಂದೇ ಅಜ್ಜನ ಹೆಸರು. ಅದರಲ್ಲಿ ಯಾರ ಪಾಲು ದೊಡ್ಡದು ಎಂದು ಅಳೆಯುವವನು ಅವನೊಬ್ಬನೇ. ಅಬಯ್‌ಯ ತಂದೆ ಬಾಜ್ ಮೀರ್, ಮರ್ಜಾನಾಳ ತಂದೆ ಸಮಂದರ್. ಇಬ್ಬರೂ ತರ್ಬೂರರು. ಅವರು ಸತ್ತು ಮಣ್ಣಾದ ಮೇಲೂ ಅಳತೆ ನಿಲ್ಲಲಿಲ್ಲ, ಹೆಣ್ಣುಮಕ್ಕಳಿಗೆ ಬಂತು. ಮರ್ಜಾನಾಳ ಎಮ್ಮೆ ಕರು ಹಾಕಿತೆಂದು ಕೇಳಿದರೆ ಅಬಯ್‌ಗೆ ತಲೆ ಸಿಡಿಯುತ್ತದೆ. ಮರ್ಜಾನಾಗೆ ಇನ್ನೂ ಹದಿನೆಂಟು ಹಲ್ಲಿವೆ ಎಂದು ಯಾರೋ ಹೇಳಿದಾಗ ಅಬಯ್ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಅಬಯ್‌ಯ ತವರಿನಲ್ಲಿ ಈಗ ಯಾರೂ ಇಲ್ಲ. ಅವಳಿಗೆ ಒಂಬತ್ತು ತುಂಬುವ ಮೊದಲೇ ತಂದೆ ಹೋದ. ಇದ್ದ ಒಬ್ಬ ತಮ್ಮ ಮಕ್ಕಳಿಲ್ಲದೆ ತೀರಿಕೊಂಡ. ಮನೆಯ ಗೋಡೆ ಕುಸಿದ ಜಾಗದಲ್ಲಿ ಅಂಜೂರದ ಗಿಡ ಬೆಳೆದಿದೆ, ಅದರ ಹಣ್ಣನ್ನು ಮರ್ಜಾನಾಳ ಮನೆಯ ಆಡುಗಳು ತಿನ್ನುತ್ತವೆ. ಹದಿನಾಲ್ಕಕ್ಕೆ ಅಬಯ್‌ಯನ್ನು ಈ ಮನೆಗೆ, ಹೇಸರಗತ್ತೆಗಳ ಮೇಲೆ ಉಪ್ಪು ಸಾಗಿಸುತ್ತಿದ್ದವನಿಗೆ ಕೊಟ್ಟರು. ಐದು ಹೆತ್ತಳು, ಮೂರನ್ನು ಮಣ್ಣಿಗೆ ಕೊಟ್ಟಳು. ನಲವತ್ತಕ್ಕೆ ಗಂಡನೂ ಹೋದ. ಮರ್ಜಾನಾಳೂ ವಿಧವೆಯೇ, ಆದರೆ ಅವಳಿಗೆ ತವರಿತ್ತು, ಮರಳಿ ಹೋದಳು. ಅವಳ ಅಣ್ಣನ ಮಗ ಹಜ್ರತ್ ಮೀರ್ ಈಗ ಸ್ಪಿನ್ ತಂಗಿ ಎಂಬ ನಮ್ಮ ಊರಿನ ಮಾಲಿಕ, ಅಂದರೆ ಊರಿನ ಹಿರಿಯ. ಮಾಲಿಕನ ಹುಜ್ರಾದಲ್ಲಿ, ಅಂದರೆ ಗಂಡಸರು ಸೇರುವ ಹೊರಮನೆಯಲ್ಲಿ, ಆ ಫೋಟೋ ತೂಗುತ್ತಿದೆ. ಅದರ ಮುಂದಿನ ಸಾಲಿನ ನಟ್ಟನಡುವೆ ಸಮಂದರ್ ಕೂತಿದ್ದಾನೆ.

ಬಾಜ್ ಮೀರ್ ಅದರಲ್ಲಿದ್ದಾನೋ ಇಲ್ಲವೋ, ಅಬಯ್‌ಯ ಇಡೀ ಜೀವನ ಈ ಒಂದು ಪ್ರಶ್ನೆಯ ಸುತ್ತ ಸುತ್ತಿದೆ. ಅವತ್ತು ಸಾಹೇಬನ ಎದುರು ಕೂತು ರಸ್ತೆ ಎಲ್ಲಿ ಹಾಯಬೇಕು, ಎಲ್ಲಿ ಹಾಯಬಾರದು ಎಂದು ಹೇಳಿದವರ ಮನೆಗಳಿಗೆ ಇಂದಿಗೂ ಊರಿನಲ್ಲಿ ಮಾತಿನ ತೂಕವಿದೆ. ಬಾಜ್ ಮೀರ್ ಹೆದರಿ ಹೋಗಲಿಲ್ಲ ಎಂದು ಮರ್ಜಾನಾಳ ಮನೆಯವರು ಹೇಳುತ್ತಾ ಬಂದಿದ್ದಾರೆ. ಮದುವೆ ಮನೆಗಳಲ್ಲಿ ಅಬಯ್ ಹಾಡಲು ಬಾಯಿ ತೆರೆದರೆ, "ಫೋಟೋದಲ್ಲಿಲ್ಲದವನ ಮಗಳು ಹಾಡ್ತಾಳೆ, ಕೇಳಿ" ಎಂದು ಆ ಕಡೆಯಿಂದ ಒಂದು ದನಿ ಬರುತ್ತದೆ. "ಹಿಂದಿನ ಸಾಲು, ಎಡಗಡೆಯಿಂದ ಮೂರನೆಯೋನು, ಮುಖ ತಿರುಗಿಸಿದಾನಲ್ಲ, ಅವನೇ ನಮ್ಮಪ್ಪ!" ಎಂದು ಅಬಯ್ ಕೂಗುತ್ತಾಳೆ. "ಅವನು ಮೇಲಿನ ಕೇರಿ ಗುಲ್ ದಾದ್ ಕಣೇ" ಎಂದು ಮರ್ಜಾನಾ ಶಾಂತವಾಗಿ ಹೇಳುತ್ತಾಳೆ. ಆ ಶಾಂತಿಯೇ ಅಬಯ್‌ಯನ್ನು ಸುಡುವುದು.

ಅಬಯ್ ಆ ಫೋಟೋ ನೋಡಿದ್ದು ಒಂದೇ ಸಲ, ಎಂಟು ವರ್ಷದವಳಿದ್ದಾಗ. ಆಮೇಲೆ ದೊಡ್ಡವಳಾದಳು, ಹುಜ್ರಾದ ಬಾಗಿಲು ಮುಚ್ಚಿತು.

ಈ ಸಲ ಈದ್‌ಗೆ ಮುಂಚೆ ಹುಜ್ರಾಕ್ಕೆ ಸುಣ್ಣ ಹೊಡೆಯುವಾಗ ಫೋಟೋದ ಗಾಜು ಒಡೆಯಿತು. ನನ್ನ ಗಂಡ ಲಾಜ್ಬರ್ ಕೊಹಾಟ್ ದಾರಿಯಲ್ಲಿ ವ್ಯಾನು ಓಡಿಸುತ್ತಾನೆ. ಹೊಸ ಗಾಜು ಹಾಕಿಸಿ ತರಲಿ ಎಂದು ಮಾಲಿಕ ಮಂಗಳವಾರ ಅದನ್ನು ನಮ್ಮ ಮನೆಗೆ ಕಳಿಸಿದ. ಶುಕ್ರವಾರದ ಜುಮ್ಮಾ ನಮಾಜಿನ ಹೊತ್ತಿಗೆ ಗೋಡೆಗೆ ಮರಳಬೇಕು. ಹೀಗೆ ಜಿರ್ಗಾದ ಆ ಇಪ್ಪತ್ತೊಂದು ಗಂಡಸರು ಮೊದಲ ಬಾರಿಗೆ ಹೆಂಗಸರ ಅಂಗಳಕ್ಕೆ ಬಂದು, ನಮ್ಮ ಹಗ್ಗದ ಮಂಚ ಚಾರ್‌ಪಾಯಿಯ ಮೇಲೆ ಮಲಗಿದರು.

ಗಾಜಿನ ಚೂರು ಮಗುವಿನ ಬಾಯಿಗೆ ಹೋದೀತೆಂದು ನಾನು ಚೌಕಟ್ಟನ್ನು ಬಿಚ್ಚಿ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದೆ. ಆಗ ಫೋಟೋದ ಬೆನ್ನ ಮೇಲೆ ಪೆನ್ಸಿಲಿನ ಇಂಗ್ಲಿಷ್ ಬರಹ ಕಂಡಿತು. ಗಟ್ಟಿಯಾಗಿ ಓದಿ ಹೇಳಿದೆ: "ನಾನು, ನನ್ನ ರೆಕ್ಸ್, ಮತ್ತು ಜಿರ್ಗಾ. ಸಾವಿರದ ಒಂಬೈನೂರ ಮೂವತ್ತೆಂಟು."

"ರೆಕ್ಸ್ ಯಾರು?" ಎಂದಳು ಅಬಯ್.

ಸಾಹೇಬ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಬೂಟಿನ ಪಕ್ಕ ಬಿಳಿ ನಾಯಿಯೊಂದು ಮಲಗಿತ್ತು. ತೋರಿಸಿದೆ.

"ನಾಯಿಗೆ ಹೆಸರಿದ್ಯಾ?"

"ಇದೆ ಅಬಯ್."

"ಇವರಿಗೆ?"

"ಇಲ್ಲ."

ಅವಳು ಕೂತವರನ್ನು ಒಮ್ಮೆ, ನಾಯಿಯನ್ನು ಒಮ್ಮೆ ನೋಡಿದಳು. "ಕುರ್ಚಿ ಮೇಲೆ ಹೆಂಗೆ ಕೂತವ್ನೆ ನೋಡು. ಜಿರ್ಗಾದಲ್ಲಿ ಎಲ್ರೂ ನೆಲದ ಮೇಲೆ ಸುತ್ತ ಕೂತ್ರೆ, ಎತ್ತರದಲ್ಲಿ ಕೂತೋನು ಹೊರಗಿನೋನು ಅಂತ ಅರ್ಥ. ಪಾಪ, ಅವ್ನಿಗೆ ಗೊತ್ತಿಲ್ಲ, ದೊಡ್ಡೋನು ತಾನೇ ಅಂದ್ಕೊಂಡವ್ನೆ."

ಈ ನಾಯಿಯ ಮಾತು ಸಂಜೆಯೊಳಗೆ ಮಾಲಿಕನ ಕಿವಿ ಮುಟ್ಟಿತು. ಬುಧವಾರ ಬೆಳಿಗ್ಗೆಯೇ ಅವನು ಬಂದು ಹೊರಬಾಗಿಲ ಪರದೆಯ ಆಚೆ ನಿಂತು ಕೆಮ್ಮಿದ.

"ಪೇಕೈ ಅಬಯ್, ನಾಯಿ ಹೆಸರು ಉಳಿದು ನಮ್ಮೋರ ಹೆಸರು ಹೋದ್ರೆ ಮರ್ಯಾದೆ ಅಲ್ಲ. ಇಷ್ಟೂ ಜನರನ್ನ ಕಣ್ಣಾರೆ ಕಂಡೋರು ನೀನು, ನಮ್ಮತ್ತೆ ಮರ್ಜಾನಾ, ಇಬ್ರೇ ಉಳಿದಿರೋದು. ನಮ್ಮತ್ತೆ ಕಣ್ಣಲ್ಲಿ ಪೊರೆ. ನೀನು ಹೇಳು, ನಿನ್ನ ಓದಿದ ಸೊಸೆ ಒಂದು ಕಾಗದದ ಮೇಲೆ ಚೆಂದಾಗಿ ಬರೀಲಿ. ಫೋಟೋ ಕೆಳಗೆ ಗಾಜಿನೊಳಗೆ ಹಾಕಿಸ್ತೀನಿ."

"ಎಲ್ಲರ ಹೆಸರೂ?" ಎಂದಳು ಅಬಯ್.

"ಅದರಲ್ಲಿ ಯಾರು ಕೂತಿದಾರೋ ಅವರ ಹೆಸರು" ಎಂದ ಮಾಲಿಕ. ಅವನಿಗೂ ಹಳೆಯ ಜಗಳ ಗೊತ್ತಿತ್ತು. "ಗೋಡೆ ಮೇಲೆ ಸುಳ್ಳು ತೂಗುಹಾಕಕ್ಕಾಗಲ್ಲ ಅಬಯ್. ನೀನು ಹೇಳು, ನಮ್ಮತ್ತೆ ಒಪ್ಪಲಿ. ಆಮೇಲೆ ಅದೇ ಖಾಯಂ."

ಅವನು ಹೋದ ಮೇಲೆ ಅಬಯ್ ಕೈ ತೊಳೆದು, ತಲೆವಸ್ತ್ರ ಬದಲಿಸಿ, ಫೋಟೋದ ಮುಂದೆ ಕೂತಳು. ಬಾಜ್ ಮೀರನ ಹೆಸರು ಹೇಳಲು ಜಗತ್ತಿನಲ್ಲಿ ಉಳಿದಿದ್ದವಳು ಅವಳೊಬ್ಬಳು. ಈ ಕಾಗದದಲ್ಲಿ ಬಾರದಿದ್ದರೆ ಇನ್ನೆಲ್ಲೂ ಬರುವುದಿಲ್ಲ.

ಅವಳು ಗಂಡಸರನ್ನು ಓದಿದ ಬಗೆಯನ್ನು ನಾನು ಮರೆಯಲಾರೆ. ಮುಖಕ್ಕಿಂತ ಮೊದಲು ಮೊಣಕಾಲು, ಚಪ್ಪಲಿ, ರುಮಾಲಿನ ಗಂಟು ನೋಡುತ್ತಿದ್ದಳು. "ಇವ್ನು ಖೈಸ್ತಾ ಮೀರ್. ರುಮಾಲು ಎಡಕ್ಕೆ ವಾಲಿದೆ ನೋಡು, ಹೆಂಡ್ತಿ ಕಿವಿ ಕಚ್ಚಿದ್ಲು, ಅದನ್ನ ಮುಚ್ಚಕ್ಕೆ. ಇವ್ನು ಪೈಂದಾ, ಕುರಿ ಕದೀತಿದ್ದ, ಆದ್ರೆ ದಾನಕ್ಕೆ ಕೊಡ್ತಿದ್ದ. ಬರಿ, ಬರಿ, ಕುರಿ ವಿಷಯ ಬರೀಬೇಡ. ಇವ್ನು ಮಾಸಿಲ್, ಇವ್ನ ತಮ್ಮ ತೋರ್ ಬಾಜ್. ಇಬ್ರಿಗೂ ಮಾತಿರ್ಲಿಲ್ಲ, ಅದಕ್ಕೇ ಮಧ್ಯೆ ಒಬ್ಬನ್ನ ಕೂರಿಸ್ಕೊಂಡವ್ರೆ."

ಮುಂದಿನ ಸಾಲಿನ ನಡುವೆ ಬಂದಾಗ "ಸಮಂದರ್" ಎಂದಳು, ಅಷ್ಟೇ. ಅವನು ಚೆಂದದ ಗಂಡಸು. ಬಿಳಿ ಉಣ್ಣೆಯ ಶಾಲು ಹೊದ್ದು ನೇರವಾಗಿ ನಮ್ಮನ್ನೇ ನೋಡುತ್ತಿದ್ದ.

ಹತ್ತೊಂಬತ್ತು ಹೆಸರಾದವು, ಇಪ್ಪತ್ತಾದವು. ಕೊನೆಗೆ ಉಳಿದದ್ದು ಹಿಂದಿನ ಸಾಲಿನ ಮೂರನೆಯವನು. ಫೋಟೋ ಹೊಡೆಯುವಾಗ ಮುಖ ತಿರುಗಿಸಿದ್ದರಿಂದ ಅವನ ತಲೆ ಇದ್ದ ಜಾಗದಲ್ಲಿ ಬೂದಿಬಣ್ಣದ ಒಂದು ಮೋಡವಿತ್ತು.

"ಬಾಜ್ ಮೀರ್" ಎಂದಳು ಅಬಯ್. "ದೊಡ್ಡಕ್ಷರದಲ್ಲಿ ಬರಿ."

ಸ್ಪೊಗ್ಮೈ ಅವಳ ತೊಡೆಯ ಮೇಲೆ ಅವಳ ಬೆರಳು ಚೀಪುತ್ತಾ ಮಲಗಿದ್ದಳು. ಅದಕ್ಕೆ ಸ್ವಲ್ಪ ಮೊದಲು ನಾನು ಕೈ ಚಾಚಿದಾಗ ಮುಖ ತಿರುಗಿಸಿಕೊಂಡಿದ್ದಳು. ನಾನು ಬರೆಯಲಿಲ್ಲ. ನನ್ನ ಮೊಬೈಲಿನಿಂದ ಫೋಟೋದ ಫೋಟೋ ತೆಗೆದು, ಬೆರಳಿನಿಂದ ಹಿಗ್ಗಿಸಿದೆ. ಸಾಹೇಬನ ದೊಡ್ಡ ಪೆಟ್ಟಿಗೆ ಕ್ಯಾಮೆರಾದ ಚಿತ್ರ, ಹಿಗ್ಗಿಸಿದಷ್ಟೂ ನೂಲೆಳೆ ಸಹ ಕಾಣುತ್ತಿತ್ತು. ಮೋಡ ಮೋಡವಾಗಿಯೇ ಉಳಿಯಿತು. ಆದರೆ ಬಂದೂಕಿನ ನಳಿಗೆ ಹಿಡಿದ ಬಲಗೈ ಅಲುಗಾಡಿರಲಿಲ್ಲ.

"ಅಬಯ್, ನಿಮ್ಮಪ್ಪನಿಗೆ ಬಲಗೈಯಲ್ಲಿ ಎಷ್ಟು ಬೆರಳಿದ್ವು?"

ನನಗೆ ಉತ್ತರ ಗೊತ್ತಿತ್ತು. ನೂರು ಸಲ ಕೇಳಿದ್ದೆ. ಬಂದೂಕು ಸಿಡಿದು ಬಾಜ್ ಮೀರನ ಎರಡು ಬೆರಳು ಹೋಗಿದ್ದವು, ಉಳಿದ ಮೂರರಲ್ಲಿ ಅವನು ಮಗಳಿಗೆ ಹಿಪ್ಪುನೇರಳೆ ಹಣ್ಣು ಹಿಡಿದು ತರುತ್ತಿದ್ದ. ಆ ಮೂರು ಬೆರಳಿನ ಕೈಯನ್ನು ಅಬಯ್ ಕಥೆಯಲ್ಲಿ ತರದ ದಿನವಿರಲಿಲ್ಲ.

"ಮೂರು" ಎಂದಳು.

ಮೊಬೈಲನ್ನು ಅವಳ ಕಣ್ಣಿನ ಹತ್ತಿರ ಹಿಡಿದೆ. "ಇಲ್ಲಿ ಐದಿವೆ."

ಆ ಮಾತನ್ನು ಮೆಲ್ಲಗೆ ಹೇಳಬಹುದಿತ್ತು, ಅವಳೊಬ್ಬಳೇ ಇದ್ದಾಗ ಹೇಳಬಹುದಿತ್ತು. ಊಟಕ್ಕೆ ಬಂದು ಕೂತಿದ್ದ ಗಂಡನ ಎದುರು, ಗೆದ್ದವಳ ದನಿಯಲ್ಲಿ ಹೇಳಿದೆ. ನನ್ನೊಳಗೆ ಏನೋ ತಣ್ಣಗಾಯಿತು. ಲಾಜ್ಬರ್ ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿ, ಮತ್ತೆ ರೊಟ್ಟಿ ಮುರಿಯತೊಡಗಿದ.

ಅಬಯ್ ಬೆರಳುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮಗುವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ತಂದೂರಿನ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ಕೂತಳು. ರೊಟ್ಟಿಯ ಹೊತ್ತಾಗಿರಲಿಲ್ಲ, ಬೆಂಕಿಯೂ ಇರಲಿಲ್ಲ. ಮಗು ಅವಳ ಕಡೆ ಕೈಚಾಚಿ ಅಳುತ್ತಲೇ ಇತ್ತು. ಬೇಕೆಂದದ್ದು ಮಡಿಲಿಗೆ ಬಂದಿತ್ತು, ಸಮಾಧಾನ ಮಾಡಲು ನನಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ಬಂದು ನಿಂತಳು. ಕಣ್ಣು ಊದಿತ್ತು.

"ಆ ಮೂರನೆಯೋನು ಗುಲ್ ದಾದ್. ಬರಿ."

"ಅಬಯ್..."

"ಬರಿ ಅಂದ್ನಲ್ಲ. ಅವ್ಳು ಹೇಳ್ತಿದ್ದದ್ದೇ ನಿಜ. ಅವ್ಳು ಹೇಳೋದೆಲ್ಲ ನಿಜ, ಅವ್ಳ ಹಲ್ಲೂ ನಿಜ." ಮೊಬೈಲನ್ನು ನನ್ನ ಮುಂದೆ ಹಿಡಿದು, "ಅವ್ರಪ್ಪನ್ನ ತೋರ್ಸು. ಅದ್ರಲ್ಲಿ, ದೊಡ್ಡದು ಮಾಡಿ" ಎಂದಳು.

"ಸಮಂದರನ್ನೇ? ಯಾಕೆ?"

"ನೋಡ್ಬೇಕು. ಏನು ಅಂಥಾ ಗಂಡಸು ಅಂತ ನೋಡ್ಬೇಕು."

ಹಲ್ಲುನೋವಿರುವವರು ಅದೇ ಹಲ್ಲನ್ನು ನಾಲಿಗೆಯಿಂದ ಒತ್ತಿ ನೋಡುವಂತೆ ಅವಳು ಸಮಂದರನನ್ನು ನೋಡಿದಳು. ಗಡ್ಡ, ಕೊರಳು, ಬೆಳ್ಳಿ ತಾಯತ. "ಇನ್ನೂ ಕೆಳಗೆ. ಶಾಲು ತೋರ್ಸು. ಎಂಥಾ ಬೆಳ್ಳಗಿದೆ ನೋಡು, ನವಾಬ." ಬೆರಳು ಸರಿಸುತ್ತಾ ಎಡಹೆಗಲಿಗೆ ಬಂದೆ. ಅಲ್ಲಿ ಬಿಳಿ ಉಣ್ಣೆಯ ಮೇಲೆ ಕಪ್ಪು ದಾರದ ಒಂದು ಚಿಕ್ಕ ರಫೂ ಹೊಲಿಗೆ ಇತ್ತು. ಪುಟ್ಟ ಏಣಿಯ ಹಾಗೆ, ಐದು ಮೆಟ್ಟಿಲು.

ಅಬಯ್ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ಬಲ ಅವಳಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

"ನಾಲ್ಕನೇ ಮೆಟ್ಲು. ಸೊಟ್ಟಗಿದ್ಯಾ?"

ನೋಡಿದೆ. ನಾಲ್ಕನೆಯ ಹೊಲಿಗೆ ಉಳಿದವುಗಳಂತೆ ಅಡ್ಡಕ್ಕಿರಲಿಲ್ಲ, ಒಂದು ಕಡೆ ಮೇಲಕ್ಕೆ ಎಳೆದಂತಿತ್ತು. "ಸೊಟ್ಟಗಿದೆ ಅಬಯ್."

"ಅದು ನಾನು."

ನನಗೆ ಅರ್ಥವಾಗಲಿಲ್ಲ.

"ಅದು ನಾನು ಕಣೇ! ಚಿಲುಮೆ ಕೆಂಡ ಬಿದ್ದು ನಮ್ಮಪ್ಪನ ಶಾಲು ಸುಟ್ಟಿತ್ತು. ಬಿಳೀ ನೂಲಿರ್ಲಿಲ್ಲ, ನಮ್ಮಮ್ಮ ಮೇಕೆ ಕೂದಲಲ್ಲಿ ಹೊಲಿದ್ಲು. ನಾಲ್ಕನೇ ಹೊಲಿಗೆ ಹಾಕೋವಾಗ ನಾನು ದಾರ ಎಳೆದೆ. ಕೆನ್ನೆಗೆ ಬಿಟ್ಲು ನೋಡು, ಆಡ್ತಿದ್ದ ಹಲ್ಲು ಅವತ್ತೇ ಬಿದ್ದಿದ್ದು. ಅಪ್ಪ ಹೋದ್ಮೇಲೆ ಆ ಶಾಲಲ್ಲೇ ಮಲಗ್ತಿದ್ದೆ ನಾನು, ಅದು ಚಿಂದಿಯಾಗೋವರೆಗೂ. ಕತ್ತಲಲ್ಲಿ ಬೆರಳಿಂದ ಆ ಏಣಿ ಹತ್ತಿ ಇಳೀತಿದ್ದೆ." ಅವಳು ಉಸಿರು ತೆಗೆದುಕೊಂಡಳು. "ನಮ್ಮಪ್ಪನ ಶಾಲು ಇವ್ನ ಮೈ ಮೇಲೆ ಯಾಕಿದೆ?"

ಯಾಕಿದೆ ಎಂದು ಹೇಳಬಲ್ಲವಳು ಇಡೀ ಊರಿನಲ್ಲಿ ಒಬ್ಬಳೇ. ಶಾಲು ಎಂದೋ ಮಣ್ಣಾಗಿತ್ತು. ಎಂಬತ್ತೆರಡರ ಮುದುಕಿ ಮೇಕೆ ಕೂದಲಿನ ಹೊಲಿಗೆಯ ಕಥೆ ಹೇಳಿದರೆ ಹುಜ್ರಾದಲ್ಲಿ ನಗುತ್ತಾರೆ. ಮರ್ಜಾನಾ ಹೌದೆಂದರೆ ಮಾತ್ರ ಹೌದು.

"ಸಾಯ್ತೀನಿ, ಅವ್ಳನ್ನ ಕೇಳಲ್ಲ" ಎಂದಳು ಅಬಯ್.

ಕೇಳಬೇಕಾಗಿಯೇ ಬರಲಿಲ್ಲ. ಫೋಟೋ ಪೇಕೈ ಮನೆಯ ಚಾರ್‌ಪಾಯಿಯ ಮೇಲಿದೆ ಎಂಬ ಹೊಟ್ಟೆಕಿಚ್ಚಿನಲ್ಲಿ ಮರ್ಜಾನಾ ಮೂರು ದಿನ ಕಾದಿದ್ದಳು. ಗುರುವಾರ ಮಧ್ಯಾಹ್ನದ ನಮಾಜು ಮುಗಿದದ್ದೇ ಕೋಲೂರಿಕೊಂಡು ಬಂದೇಬಿಟ್ಟಳು. ಎತ್ತರದ ಹೆಂಗಸು, ಮೂಗಿನಲ್ಲಿ ಚಿನ್ನದ ಹೂವು, ಒಂದು ಕಣ್ಣು ಹಾಲಿನಂತೆ.

"ನಮ್ಮಪ್ಪನ್ನ ನೋಡಕ್ಕೆ ಬಂದೆ. ಹೆಸರಿಗೂ ಒಪ್ಪಿಗೆ ಕೊಡ್ಬೇಕಂತೆ" ಎಂದಳು.

"ಬಾ. ಅಂಗಳಕ್ಕೆ ಬಂದೋರನ್ನ ಹೊರಗೆ ಹಾಕೋ ಪೈಕಿ ಅಲ್ಲ ನಾವು" ಎಂದಳು ಅಬಯ್. "ಚಹಾ ಇಡೇ."

ಮನೆಗೆ ಬಂದವರು ಪ್ರಾಣ ತೆಗೆದವರೇ ಆಗಿರಲಿ, ಅವರ ಚಹಾ ಮುಗಿಯುವವರೆಗೆ ಕಟುಮಾತು ಆಡುವ ಹಾಗಿಲ್ಲ. ಬಟ್ಟಲನ್ನು ಬೋರಲು ಹಾಕಿದರೆ ಮುಗಿಯಿತೆಂದು ಅರ್ಥ. ಮರ್ಜಾನಾಗೆ ಇದು ಚೆನ್ನಾಗಿ ಗೊತ್ತಿತ್ತು. ಒಂದು ಬಟ್ಟಲು ಹಸಿರು ಚಹಾ ಕುಡಿದಳು, ಬಟ್ಟಲನ್ನು ನೆಟ್ಟಗೆ ಇಟ್ಟಳು. ತುಂಬಿದೆ. ಇನ್ನೊಂದು ಕುಡಿದಳು, ಮತ್ತೆ ನೆಟ್ಟಗೆ.

"ಏಲಕ್ಕಿ ಕಮ್ಮಿ ಹಾಕಿದೀಯ ಮಗಾ. ಪೆಶಾವರದಲ್ಲಿ ಹಿಂಗೇನಾ?"

"ಬೆಲ್ಲ ಕಚ್ಕೊಂಡು ಕುಡಿ, ಸರಿ ಹೋಗತ್ತೆ" ಎಂದಳು ಅಬಯ್ ಹಲ್ಲಿಲ್ಲದ ವಸಡು ಕಚ್ಚಿ.

"ಕಚ್ಚಕ್ಕೆ ನಂಗೇನು ಕಷ್ಟ ಇಲ್ಲಪ್ಪ."

ಮೂರನೆಯ ಬಟ್ಟಲೂ ಆಯಿತು. ಅಬಯ್ ತಲೆವಸ್ತ್ರದಂಚನ್ನು ಹಿಂಡಿ ಹಗ್ಗ ಮಾಡಿದ್ದಳು. ನಾಲ್ಕನೆಯದನ್ನು ಕುಡಿದು ಮರ್ಜಾನಾ ಕೊನೆಗೂ ಬೋರಲು ಹಾಕಿದಳು. ಅದರ ಅಂಚು ನೆಲ ಮುಟ್ಟುವ ಮೊದಲೇ ಅಬಯ್ ಕೇಳಿದಳು:

"ನಿಮ್ಮಪ್ಪ ಹೊದ್ದಿರೋ ಶಾಲು ಯಾರ್ದೇ, ಕಳ್ಳೀ?"

ಮರ್ಜಾನಾ ನನ್ನ ಕಡೆ ಕೈ ಚಾಚಿದಳು. ಮೊಬೈಲು ಕೊಟ್ಟೆ. ಅದನ್ನು ಒಳ್ಳೆಯ ಕಣ್ಣಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇಷ್ಟು ಕಾಣತ್ತಾ ಇದ್ರಲ್ಲಿ" ಎಂದಳು. ಆಮೇಲೆ, "ಬಾಜ್ ಮೀರ್ ಕಾಕಂದು."

"ಗೊತ್ತಿತ್ತಾ ನಿಂಗೆ?"

"ಅವತ್ತಿಂದ ಗೊತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮೆರಡು ಮನೆ ಒಲೆಗೆ ಸೇರಿ ಒಬ್ಬನೇ ಬರ್ಬೇಕು ಅಂತ ಸಾಹೇಬಂದು ಹುಕುಂ. ನಿಮ್ಮಪ್ಪ ದೊಡ್ಡೋನು, ಹೊರಟು ನಿಂತಿದ್ದ, ಶಾಲು ಹೊದ್ದು. ನಮ್ಮ ಚಿಕ್ಕಪ್ಪ ಆಗ ಸಾಹೇಬನ ಸೆರೇಲಿದ್ದ. ನಮ್ಮಪ್ಪ ನಿಮ್ಮಪ್ಪನ ಮುಂದೆ ಹೋಗಿ ನಿಂತ. ‘ನಾನು ಕೂತ್ರೆ ತಮ್ಮನ್ನ ಬಿಡು ಅಂತ ಸಾಹೇಬನ್ನ ಮುಖಾಮುಖಿ ಕೇಳ್ಬೌದು, ನೀನು ಹೋದ್ರೆ ಕೇಳಕ್ಕಾಗಲ್ಲ’ ಅಂದ. ಬೇಡ್ಕೊಳ್ಳಲಿಲ್ಲ, ಸುಮ್ನೆ ಅಂದ. ನಿಮ್ಮಪ್ಪ ನೋಡ್ದ, ಇವನ ಹೆಗಲ ಮೇಲೆ ಏನೂ ಇಲ್ಲ. ನಮ್ಮನೇಲಿ ಶಾಲು ಎಲ್ಲಿತ್ತು? ತನ್ನದನ್ನೇ ತೆಗೆದು ಹೊದಿಸಿದ. ‘ಬರಿಮೈಲಿ ಕೂತ್ರೆ ಅಜ್ಜನ ಹೆಸರು ಹೋಗತ್ತೆ’ ಅಂದ. ಒಳಗೆ ಹೋದ."

"ಮತ್ತೆ ಹೆದರ್ದ ಅಂದ್ರಲ್ಲೇ" ಎಂದಳು ಅಬಯ್. ಅವಳ ದನಿ ಮಗುವಿನದಾಗಿತ್ತು. "ಎಪ್ಪತ್ತೈದು ವರ್ಷ."

"ಅದು ನಮ್ಮಮ್ಮ ಶುರು ಮಾಡಿದ್ದು. ತರ್ಬೂರ್ ಕೊಟ್ಟ ಅಂತ ಹೇಳೋದಕ್ಕಿಂತ ತರ್ಬೂರ್ ಹೆದರ್ದ ಅನ್ನೋದು ಬಾಯಿಗೆ ಸುಲಭ. ಆಮೇಲೆ ನಾನೂ ಅಂದೆ." ಮರ್ಜಾನಾ ಕೋಲಿನಿಂದ ನೆಲ ಕೆರೆದಳು. "ನಿಂಗೆ ಗೊತ್ತಾ, ಚಳೀಲಿ ನೀನು ಅದನ್ನ ಸುತ್ಕೊಂಡು ಓಡಾಡ್ತಿದ್ದೆ. ನಾನು ಗೋಣಿ ಹೊದ್ಕೊಂಡಿದ್ದೆ. ಹಂಗೇ ಹಿಡಿದು ಹೊಡೆಯೋ ಹಂಗಾಗ್ತಿತ್ತು ನಿನ್ನ."

"ಹೊಡೆದ್ಯಲ್ಲ!"

"ಎರಡೇ ಸಲ."

ನಾನು ಕಾಗದ ಹಿಡಿದು ಕೂತಿದ್ದೆ. ಮರ್ಜಾನಾ ನನ್ನ ಕಡೆ ತಿರುಗಿದಳು. "ಬರಿ ಮಗಾ. ನಮ್ಮಪ್ಪ ಕೂತಿರೋ ಕಡೆ ಎರಡೂ ಹೆಸರು ಬರಿ. ನಾನು ಒಪ್ದೆ ಅಂತ ಮಾಲಿಕಂಗೆ ನಾನೇ ಹೇಳ್ತೀನಿ."

ಅಬಯ್ ತಕ್ಷಣ ಬಾಗಿ ಕೇಳಿದಳು: "ಯಾವ್ದು ಮೊದ್ಲು?"

"ಮೈ ಯಾರ್ದೋ ಅವರ್ದು."

"ಆಹಾ! ಶಾಲಿಲ್ದೆ ಮೈ ಹೋಗ್ತಿತ್ತಾ ಅಲ್ಲಿಗೆ?"

"ಕೊಟ್ಟಿದ್ದನ್ನ ಹಿಂಗೆ ಎಳೆದಾಡ್ತಿದ್ರೆ ನಿಮ್ಮಪ್ಪಂಗೇ ಅವಮಾನ ಕಣೇ."

ಮುಕ್ಕಾಲು ಗಂಟೆ ವಾದವಾಯಿತು. ಇಬ್ಬರಿಗೂ ಓದಲು ಬಾರದು. ಮಧ್ಯೆ ನಾನು ಬರೆದುಬಿಟ್ಟೆ. ‘ಬಾಜ್ ಮೀರ್’ ಮೊದಲು, ಸಮಂದರ್ ಆಮೇಲೆ. ನಿನ್ನೆಯ ಐದು ಬೆರಳುಗಳು ನನ್ನ ಎದೆಯ ಮೇಲಿದ್ದವು. ಆದರೆ ಅದನ್ನು ಇಬ್ಬರಿಗೂ ಹೇಳಲಿಲ್ಲ. ಅಬಯ್ ಗೆದ್ದಳೆಂದು ಅವಳ ಮುಖ ಅರಳುವುದನ್ನು ನೋಡಲು ಅಂದಿಗೂ ನನಗೆ ಮನಸ್ಸಿರಲಿಲ್ಲ.

ಶುಕ್ರವಾರ ಜುಮ್ಮಾ ಮುಗಿಸಿ ಗಂಡಸರು ಹುಜ್ರಾದಲ್ಲಿ ಸೇರಿದರು. ಹೊಸ ಗಾಜಿನೊಳಗೆ ಫೋಟೋ ಗೋಡೆಗೇರಿತು. ಸ್ವಲ್ಪ ಹೊತ್ತಿಗೆ ಮಾಲಿಕ ನಮ್ಮ ಪರದೆಯ ಆಚೆ ಬಂದು ನಿಂತ.

"ಅಬಯ್, ಜನ ಇಪ್ಪತ್ತೊಂದು. ಹೆಸರು ಇಪ್ಪತ್ತೆರಡು. ಮೇಲಿನ ಕೇರಿಯೋರು ಮೂರು ಸಲ ಎಣಿಸಿ ನಗ್ತಾವ್ರೆ."

"ನಿಮ್ಮತ್ತೆ ಏನೂ ಹೇಳಿಲ್ವಾ?"

"ಹೇಳಿದ್ಲು. ಹಂಗೇ ಇರ್ಲಿ. ಕೇಳಿದೋರಿಗೆ ನಾನೇ ಹೇಳ್ತೀನಿ" ಎಂದು ಹೊರಟುಹೋದ. ಅವನಿಗೆ ಅದು ಇಷ್ಟವಾಗಿರಲಿಲ್ಲ. ಆದರೆ ‘ಅದೇ ಖಾಯಂ’ ಎಂದು ಮಾತು ಕೊಟ್ಟ ಮೇಲೆ ಅವನು ತಪ್ಪುವವನಲ್ಲ.

ಬಾಜ್ ಮೀರನ ಹೆಸರು ಗೋಡೆಗೇರಿತ್ತು. ಇನ್ನಾದರೂ ಅಬಯ್ ನಗುತ್ತಾಳೆಂದುಕೊಂಡೆ. ಅವಳು ಹಿಟ್ಟನ್ನು ವೈರಿಯ ಹಾಗೆ ಗುದ್ದುತ್ತಿದ್ದಳು.

"ಏನಾಯ್ತು ಅಬಯ್? ಆಯ್ತಲ್ಲ ನಿಮ್ಮ ಕೆಲಸ."

"ಏನಾಯ್ತು? ಎಪ್ಪತ್ತೈದು ವರ್ಷ ನಾನು ಕೂಗಾಡಿ ಪಡೀಲಾರದ್ದನ್ನ ಅವ್ಳು ಬಂದು ನಾಲ್ಕು ಬಟ್ಲು ಚಹಾ ಕುಡ್ದು ಕೊಟ್ಟೋದ್ಲು. ಊರೆಲ್ಲ ಈಗ ಏನಂತದೆ? ಮರ್ಜಾನಾ ಎಷ್ಟು ದೊಡ್ಡ ಮನಸ್ಸು ಅಂತದೆ. ಅದನ್ನೂ ಅವ್ಳೇ ತೊಗೊಂಡ್ಲು." ಹಿಟ್ಟನ್ನು ಮಗುಚಿ ಇನ್ನೊಂದು ಗುದ್ದು ಕೊಟ್ಟಳು. "ನಂಗೆ ಹೆಸರು ಬಂತು, ಸರಿ. ಅವ್ಳಿಗೆ ಮುಖ ಇದೆ. ಬೇಕು ಅಂದಾಗ ಅಪ್ಪನ ಮುಖ ನೋಡ್ಬೋದು. ನಂಗೆ ಕೈ ನೆನಪಿದೆ, ಶಾಲು ನೆನಪಿದೆ. ಮುಖ ನೆನಪಿಲ್ಲ ಕಣೇ. ಆ ಮೋಡ ಇತ್ತು, ಅದ್ರಲ್ಲಿ ಏನೋ ಒಂದು ಮುಖ ಇಟ್ಕೊಂಡಿದ್ದೆ. ಅದೂ ಗುಲ್ ದಾದ್‌ಗೆ ಹೋಯ್ತು."

ಇಷ್ಟು ವರ್ಷ ಅವಳು ಹುಡುಕುತ್ತಿದ್ದದ್ದು ಮರ್ಯಾದೆಯನ್ನಲ್ಲ ಎಂದು ನನಗೆ ಆಗ ಹೊಳೆಯಿತು. ನಾನು ಕಸಿದುಕೊಂಡದ್ದು ಏನೆಂದೂ ಹೊಳೆಯಿತು. "ತರ್ಬೂರರು ಅಲ್ವಾ ಅಬಯ್. ಒಂದೇ ಅಜ್ಜ. ಏನಾದ್ರೂ ಹೋಲಿಕೆ ಇದ್ದೇ ಇರತ್ತೆ" ಎಂದೆ.

ಅವಳ ಕೈ ನಿಂತಿತು. "ನಿನ್ನ ಡಬ್ಬೀಲಿ ಇನ್ನೂ ಇದ್ಯಾ ಅವ್ನು?"

ಇದ್ದ. ಸಮಂದರನ ಮುಖವನ್ನು ಪರದೆ ತುಂಬುವಷ್ಟು ಹಿಗ್ಗಿಸಿ ಕೊಟ್ಟೆ. ಹಿಟ್ಟು ಮೆತ್ತಿದ ಹೆಬ್ಬೆರಳಿನಿಂದ ಅವಳು ಮೊದಲು ಅವನ ಕಣ್ಣುಗಳನ್ನು ಮುಚ್ಚಿ ನೋಡಿದಳು. ಆಮೇಲೆ ಬಾಯಿ ಮುಚ್ಚಿ ನೋಡಿದಳು. ಗಡ್ಡ ಮುಚ್ಚಿದಳು. ಕೊನೆಗೆ ಎರಡೂ ಕೈಯಿಂದ ಎಲ್ಲವನ್ನೂ ಮುಚ್ಚಿ ನಡುವೆ ಮೂಗನ್ನು ಮಾತ್ರ ಬಿಟ್ಟಳು. ಉದ್ದನೆಯ ಮೂಗು, ಮಧ್ಯದಲ್ಲಿ ಒಂದು ಗಂಟು.

"ಇದು ನಮ್ಮಪ್ಪಂದು" ಎಂದಳು. "ನೋಡು, ಇದನ್ನೂ ಹಾಕ್ಕೊಂಡು ಹೋಗವ್ನೆ."